ಬಿಡಿಸಿದ್ದು, ಬಿಟ್ಟದ್ದು

ಭಾಗಮಂಡಲದಲ್ಲಿ ಆ ದಿನ ನಾವು ಏಳು ಜನ ಬಿಡಿಸಿದ ಹನ್ನೊಂದು ಚಿತ್ರಗಳಲ್ಲಿ ಒಂದರಲ್ಲೂ ಮೇಲ್ಸೇತುವೆ ಇರಲಿಲ್ಲ. ಅದನ್ನು ಗಮನಿಸಿದವರು ನಮ್ಮ ಪೈಕಿ ಯಾರೂ ಅಲ್ಲ, ಹೋಟೆಲಿನವರು. ಕಾಫಿಗೆ ಹೇಳಿ ಪುಸ್ತಕಗಳನ್ನೆಲ್ಲ ಬೆಂಚಿನ ಮೇಲೆ ಹರಡಿಕೊಂಡಿದ್ದೆವು. ಅವರು ಹೆಗಲ ಮೇಲಿನ ಟವೆಲಿಗೆ ಕೈ ಒರೆಸಿಕೊಂಡು ಬಂದು ಒಂದೊಂದನ್ನೇ ನೋಡಿದರು. ಇದು ದೇವಸ್ಥಾನದ ಮಾಡು, ಇದು ಸಂಗಮ, ಇದು ಹಣ್ಣುಕಾಯಿ ಅಂಗಡಿ ಎಂದು ಗುರುತಿಸುತ್ತಾ ಹೋದರು. ಕೊನೆಯ ಪುಸ್ತಕ ಮುಗಿದ ಮೇಲೆ ಕೇಳಿದರು: "ಸೇತುವೆ ಎಲ್ಲಿ ಸಾರ್?"

ನಾವು ನಕ್ಕೆವು. ನಮ್ಮಲ್ಲೊಬ್ಬ, "ಅದು ಚಿತ್ರದಲ್ಲಿ ಚೆನ್ನಾಗಿ ಕಾಣಲ್ಲ" ಅಂದ.

"ಚೆನ್ನಾಗಿ ಕಾಣೋದು ಬೇರೆ ವಿಷಯ. ಆಟಿ ತಿಂಗಳಲ್ಲಿ ಒಂದ್ಸಲ ಬಂದು ನೋಡಿ" ಎಂದು ಹೇಳಿ ಅವರು ಒಳಗೆ ಹೋದರು.

ಅವರ ಮಾತಿನ ತೂಕ ಗೊತ್ತಾಗಬೇಕಾದರೆ ಊರಿನ ನೆಲ ಗೊತ್ತಿರಬೇಕು. ಭಾಗಮಂಡಲ ಇರುವುದು ಬೆಟ್ಟಗಳ ನಡುವಿನ ತಗ್ಗಿನಲ್ಲಿ. ತಲಕಾವೇರಿಯಿಂದ ಇಳಿದು ಬರುವ ಕಾವೇರಿಗೆ ಇಲ್ಲಿ ಕನ್ನಿಕೆ ಸೇರುತ್ತದೆ. ಮಡಿಕೇರಿ, ನಾಪೋಕ್ಲು, ತಲಕಾವೇರಿ ಕಡೆಯ ರಸ್ತೆಗಳು ಕೂಡುವುದೂ ಇದೇ ತಗ್ಗಿನಲ್ಲಿ. ಜುಲೈ, ಆಗಸ್ಟ್ ತಿಂಗಳಲ್ಲಿ ಎರಡೂ ಹೊಳೆ ಒಟ್ಟಿಗೆ ಉಕ್ಕಿದರೆ ಮೊದಲು ಮುಳುಗುತ್ತಿದ್ದದ್ದು ರಸ್ತೆ. ಪತ್ರಿಕೆಯಲ್ಲಿ ವರ್ಷ ವರ್ಷ ಬರುತ್ತಿದ್ದ ಆ ಚಿತ್ರ ನಿಮಗೂ ನೆನಪಿರಬಹುದು: ಕೆಂಪು ನೀರು, ನಡುವೆ ದೋಣಿ, ಹಿಂದೆ ದೇವಸ್ಥಾನ. ಆ ದೋಣಿಯ ಕಾಲ ಮುಗಿಯಲೆಂದೇ ಕಟ್ಟಿದ್ದು ಈ ಸೇತುವೆ. ಊರಿನವರಿಗೆ ಅದು ಈಚಿನ ವರ್ಷಗಳ ಅತಿ ದೊಡ್ಡ ಸಂಗತಿ. ನಮಗೆ ಅದು ದೇವಸ್ಥಾನಕ್ಕೆ ಅಡ್ಡ ನಿಂತ ಕಾಂಕ್ರೀಟ್.

ಕನ್ನಡದಲ್ಲಿ ನಾವು ಚಿತ್ರ ಬರೆಯುತ್ತೇವೆ, ಚಿತ್ರ ಬಿಡಿಸುತ್ತೇವೆ. ಎರಡನೆಯ ಕ್ರಿಯಾಪದ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಗಂಟು ಬಿಡಿಸುತ್ತೇವೆ, ಅವರೆಕಾಯಿ ಬಿಡಿಸುತ್ತೇವೆ, ಒಗಟು ಬಿಡಿಸುತ್ತೇವೆ, ಜಗಳವನ್ನೂ ಬಿಡಿಸುತ್ತೇವೆ. ಸಿಕ್ಕಿಕೊಂಡಿರುವುದನ್ನು ಬೇರೆ ಮಾಡಿ ಕಾಣಿಸುವುದು ಎಂಬುದು ಎಲ್ಲದರಲ್ಲೂ ಇರುವ ಅರ್ಥ. ಅದೇ ಧಾತುವಿನಲ್ಲಿ 'ಬಿಡು' ಕೂಡ ಕೂತಿದೆ. ಅವರೆಕಾಯಿ ಬಿಡಿಸಿದವನ ಮುಂದೆ ಕಾಳಿನ ಪಾತ್ರೆ ಎಷ್ಟು ಇರುತ್ತದೋ ಸಿಪ್ಪೆಯ ರಾಶಿ ಅದಕ್ಕಿಂತ ದೊಡ್ಡದಿರುತ್ತದೆ. ಚಿತ್ರ ಬಿಡಿಸುವವನ ಮುಂದೆ ಆ ರಾಶಿ ಕಾಣುವುದಿಲ್ಲ, ಅಷ್ಟೇ. ಅದನ್ನು ಕಾಣುವಂತೆ ಮಾಡಬಲ್ಲವರು ಪಕ್ಕದಲ್ಲಿ ಕೂತು ಅದೇ ವಸ್ತುವನ್ನು ಬಿಡಿಸುತ್ತಿರುವ ಇನ್ನೊಬ್ಬರು, ಇಲ್ಲವೇ ಆ ಊರಿನಲ್ಲೇ ಬದುಕುವ ಹೋಟೆಲಿನವರು. ಗುಂಪಾಗಿ ಹೋಗಿ ಸ್ಥಳದಲ್ಲೇ ಕೂತು ಚಿತ್ರ ಮಾಡುವ ಹವ್ಯಾಸದ ಪರವಾಗಿ ನಾನು ಹೇಳಬೇಕಾದದ್ದು ಮುಖ್ಯವಾಗಿ ಇದನ್ನೇ. ಆ ಹವ್ಯಾಸದಿಂದ ಮನಸ್ಸಿಗೆ ನೆಮ್ಮದಿ ಸಿಗುತ್ತದೆ, ಏಕಾಗ್ರತೆ ಬೆಳೆಯುತ್ತದೆ ಎನ್ನುವವರಿದ್ದಾರೆ. ಇರಬಹುದು. ನೆಮ್ಮದಿಗೆ ನಿದ್ದೆಯೂ ಸಾಕು.

ಈ ಹವ್ಯಾಸ ಈಗ ಜಗತ್ತಿನ ತುಂಬ ಹರಡಿದೆ. 2004ರಲ್ಲಿ ಪಿಕ್ಸಾರ್ ಸ್ಟುಡಿಯೋದ ಕಲಾವಿದ ಎನ್ರಿಕೋ ಕಸರೋಸಾ ಇಡೀ ದಿನ ಊರು ಸುತ್ತುತ್ತಾ ಚಿತ್ರ ಬಿಡಿಸುವ 'ಸ್ಕೆಚ್‌ಕ್ರಾಲ್' ಶುರುಮಾಡಿದರು. 2007ರಲ್ಲಿ ಸಿಯಾಟಲ್‌ನ ಪತ್ರಿಕಾ ಕಲಾವಿದ ಗೇಬ್ರಿಯಲ್ ಕಂಪನಾರಿಯೋ 'ಅರ್ಬನ್ ಸ್ಕೆಚರ್ಸ್' ಕೂಟ ಕಟ್ಟಿದರು. ಕಂಡದ್ದನ್ನು ಸ್ಥಳದಲ್ಲೇ ಬಿಡಿಸಬೇಕು, ಕಂಡದ್ದಕ್ಕೆ ನಿಷ್ಠರಾಗಿರಬೇಕು, ಒಟ್ಟಿಗೆ ಕೂತು ಬಿಡಿಸಬೇಕು ಎಂಬುದು ಆ ಕೂಟದ ನಿಯಮಗಳ ಸಾರ. ಬೆಂಗಳೂರಿನಲ್ಲೂ ಭಾನುವಾರ ಬೆಳಗ್ಗೆ ಲಾಲ್‌ಬಾಗಿನಲ್ಲೋ ಬಸವನಗುಡಿಯಲ್ಲೋ ಪುಸ್ತಕ ಹಿಡಿದು ಕೂತವರು ಕಾಣಸಿಗುತ್ತಾರೆ. ನಮ್ಮಲ್ಲಿ ಇದು ಹೊಸತೂ ಅಲ್ಲ. ರುಮಾಲೆ ಚೆನ್ನಬಸವಯ್ಯನವರು (1910–1988) ಸ್ವಾತಂತ್ರ್ಯ ಹೋರಾಟಗಾರರಾಗಿದ್ದವರು. ಬೆಂಗಳೂರಿನ ಹೂಬಿಟ್ಟ ಮರಗಳ ಎದುರೇ ಕ್ಯಾನ್ವಾಸ್ ನಿಲ್ಲಿಸಿಕೊಂಡು ಬಣ್ಣ ಹಚ್ಚಿದರು. ಅಂಥ ಮರಗಳ ಸಾಲುಗಳನ್ನು ಎಷ್ಟೋ ರಸ್ತೆಗಳಲ್ಲಿ ಈಗ ಅಗಲೀಕರಣ ನುಂಗಿದೆ. ಚೆಲುವಿಗಾಗಿ ಬಿಡಿಸಿದ್ದು ದಾಖಲೆಯಾಗಿ ಉಳಿದಿದೆ.

ಕೊಡಗಿಗೆ ಬರುವ ಸ್ಕೆಚ್ ಗುಂಪುಗಳ ವಿಷಯದಲ್ಲಿ ನನಗೊಂದು ತಕರಾರಿದೆ. ನನ್ನ ಗುಂಪನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಬೆಂಗಳೂರಿನಲ್ಲಿ ಕಂಬ, ತಂತಿ, ಆಟೋ, ಕಸದ ಲಾರಿ ಎಲ್ಲವನ್ನೂ ಮೋಹದಿಂದ ಬಿಡಿಸುವವರು ಘಟ್ಟ ಹತ್ತಿದ ಕೂಡಲೇ ಅವೆಲ್ಲವನ್ನೂ ಮರೆಯುತ್ತಾರೆ. ಕೊಡಗು ಎಂದರೆ ಮಂಜು, ಕಾಫಿ ತೋಟ, ಹೆಂಚಿನ ಮನೆ. ಮಂಜಂತೂ ಸೋಮಾರಿಗಳ ಪಾಲಿನ ವರ. ಹಾಳೆಯ ಅರ್ಧ ಭಾಗ ಖಾಲಿ ಬಿಟ್ಟರೂ ಕೇಳುವವರಿಲ್ಲ. ನಗರ ಎಂದರೆ ಬದಲಾಗುವ ಜಾಗ, ಹಳ್ಳಿ ಎಂದರೆ ಬದಲಾಗಬಾರದ ಜಾಗ ಎಂಬ ತೀರ್ಮಾನ ನಮ್ಮ ಪೆನ್ಸಿಲಿನ ತುದಿಯಲ್ಲೇ ಇದೆ. ಅದನ್ನು ಅಲ್ಲಿ ಇಟ್ಟವರು ಯಾರೆಂದರೆ ಕ್ಯಾಲೆಂಡರುಗಳು, ಹೋಮ್‌ಸ್ಟೇ ಜಾಹೀರಾತುಗಳು.

ನಮ್ಮ ಗುಂಪಿನ ಹಿರಿಯರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಅವರು ಈ ವಾದ ಒಪ್ಪಲಿಲ್ಲ. "ಎಲ್ಲವನ್ನೂ ಬಿಡಿಸೋಕೆ ನಾವೇನು ಸರ್ವೆ ಇಲಾಖೆಯವರೇನಯ್ಯಾ?" ಅಂದರು. ಆಯ್ಕೆ ಮಾಡದೆ ಕಲೆ ಇಲ್ಲ ಎನ್ನುವುದು ಅವರ ಪಾಯಿಂಟು. ಅದು ಬಲವಾದ ಪಾಯಿಂಟು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ಕೆ. ವೆಂಕಟಪ್ಪನವರ (1886–1965) ಹೆಸರಿನ ಗ್ಯಾಲರಿ ಇದೆಯಲ್ಲ, ಅವರು ಮಾಡಿದ ಊಟಿ, ಕೊಡೈಕೆನಾಲಿನ ಜಲವರ್ಣಗಳ ಎದುರು ನಾನು ಪೆನ್ಸಿಲ್ ಹಿಡಿದು ಕೂತಿದ್ದೇನೆ. ನೋಡುವಾಗ ಅದು ಬರಿಯ ಗುಡ್ಡ, ಬರಿಯ ಮಂಜು. ನಕಲು ಮಾಡಲು ಹೊರಟಾಗ ತಿಳಿಯುತ್ತದೆ, ಗುಡ್ಡದ ಅಂಚಿಗೆ ಅವರು ಗೆರೆಯನ್ನೇ ಹಾಕಿಲ್ಲ ಎಂದು. ಒಂದು ತೆಳು ಬಣ್ಣ ನಿಂತು ಇನ್ನೊಂದು ಶುರುವಾಗುವ ಕಡೆ ಅಂಚು ತಾನಾಗಿ ಹುಟ್ಟಿಕೊಂಡಿದೆ. ನನ್ನ ಪೆನ್ಸಿಲಿಗೆ ಗೆರೆ ಬಿಟ್ಟರೆ ಬೇರೆ ಭಾಷೆ ಗೊತ್ತಿಲ್ಲವಾದ್ದರಿಂದ ಅವರು ಬಿಟ್ಟದ್ದೇನೆಂಬುದು ನನಗೆ ಅರ್ಥವಾಯಿತು. ನಿಂತು ನೋಡಿದ್ದರೆ ಅರ್ಧ ನಿಮಿಷಕ್ಕೆ ಮುಂದಿನ ಚಿತ್ರಕ್ಕೆ ಹೋಗಿರುತ್ತಿದ್ದೆ.

ಹಾಗಾಗಿಯೇ ಪ್ರದರ್ಶನಗಳಲ್ಲಿ ಚಿತ್ರ ಬಿಡಿಸುತ್ತಾ ನೋಡುವುದು ಹೆಚ್ಚು ಜನ ಕಲಿಯಬೇಕಾದ ಅಭ್ಯಾಸ. ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯ 1793ರಲ್ಲಿ ಬಾಗಿಲು ತೆರೆದಾಗಿನಿಂದಲೂ ನಕಲು ಮಾಡುವ ಕಲಾವಿದರಿಗೆ ಜಾಗ ಕೊಟ್ಟಿದೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ 2015ರಲ್ಲಿ ಬಂದವರೆಲ್ಲ ಕ್ಯಾಮೆರಾ ಒಳಗಿಟ್ಟು ಪೆನ್ಸಿಲ್ ಹಿಡಿಯಲಿ ಎಂದು ಆಂದೋಲನವನ್ನೇ ನಡೆಸಿತು. ನಮ್ಮಲ್ಲಿ? ಒಂದು ಗ್ಯಾಲರಿಯಲ್ಲಿ (ಹೆಸರು ಬೇಡ) ಕಾವಲಿನವರು ನನ್ನನ್ನು ಎಬ್ಬಿಸಿ, "ಫೋಟೋ ಬೇಕಾದ್ರೆ ತಗೊಳ್ಳಿ ಸಾರ್, ಬರೆಯೋ ಹಾಗಿಲ್ಲ" ಅಂದರು. ಒಂದು ಕ್ಷಣದಲ್ಲಿ ಇಡೀ ಚಿತ್ರವನ್ನು ಹೊತ್ತೊಯ್ಯುವವನಿಗೆ ಅಡ್ಡಿಯಿಲ್ಲ, ಒಂದು ಗಂಟೆ ಕೂತು ಅದರ ಒಂದು ಮೂಲೆಯನ್ನು ಕಷ್ಟಪಟ್ಟು ಅರಿಯುವವನ ಮೇಲೆ ಅನುಮಾನ! ಕಾವಲಿನವರದೇನೂ ತಪ್ಪಿಲ್ಲ. ಕೂತು ನೋಡುವ ಜನ ಬರುತ್ತಾರೆಂದು ಯಾರೂ ಅವರಿಗೆ ಹೇಳಿಲ್ಲ.

ಫೋನಿನ ಮೇಲೆ ನನಗೆ ದ್ವೇಷವಿಲ್ಲ. ಆದರೆ ಫೋಟೋ ಎಲ್ಲವನ್ನೂ ಹಿಡಿಯುತ್ತದೆ, ಆದ್ದರಿಂದ ಅದೇ ಪ್ರಾಮಾಣಿಕ ಎಂಬ ಮಾತನ್ನು ಒಪ್ಪಲಾರೆ. ಭಾಗಮಂಡಲದಲ್ಲಿ ಫೋಟೋ ತೆಗೆಯುವವರೂ ಸೇತುವೆಯನ್ನು ಬಿಡುತ್ತಾರೆ. ಎರಡು ಹೆಜ್ಜೆ ಎಡಕ್ಕೆ ಸರಿದರೆ ಮುಗಿಯಿತು. ತಾವು ಬಿಟ್ಟೆವೆಂಬುದೂ ಅವರಿಗೆ ಗೊತ್ತಾಗುವುದಿಲ್ಲ. ಕೂತು ಬಿಡಿಸುವವನಿಗೆ ಆ ಅನುಕೂಲವಿಲ್ಲ. ಒಂದು ಗಂಟೆಯಲ್ಲಿ ನಾವು ಆ ಸೇತುವೆಯನ್ನು ನೂರು ಸಲವಾದರೂ ನೋಡಿದ್ದೇವೆ, ನೂರು ಸಲವೂ ಬೇಡವೆಂದಿದ್ದೇವೆ. ಹಾಗೆ ಲೆಕ್ಕ ಹಾಕಿದರೆ ನಮ್ಮ ತಪ್ಪು ಫೋಟೋದವರ ತಪ್ಪಿಗಿಂತ ದೊಡ್ಡದು. ತಪ್ಪು ಗೊತ್ತಾಗುವ ಸಾಧ್ಯತೆಯೂ ನಮಗೇ ಹೆಚ್ಚು.

ಮನಶ್ಶಾಸ್ತ್ರಜ್ಞರು ಇದರ ಒಂದು ಮಗ್ಗುಲನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯ ಸುತ್ತಿದವರು ಫೋಟೋ ತೆಗೆದ ವಸ್ತುಗಳನ್ನು ಬರೀ ಕಣ್ಣಿನಲ್ಲಿ ನೋಡಿದ ವಸ್ತುಗಳಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ವಸ್ತುವಿನ ಒಂದು ಭಾಗವನ್ನೇ ಹತ್ತಿರಕ್ಕೆ ಎಳೆದು ತೆಗೆದಾಗ ಮಾತ್ರ ಆ ನಷ್ಟವಾಗಿರಲಿಲ್ಲ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ್ದು ಇನ್ನೊಂದು. ಪದಗಳನ್ನು ಬರೆದುಕೊಂಡವರಿಗಿಂತ ಅವುಗಳ ಚಿತ್ರ ಬಿಡಿಸಿದವರಿಗೆ ಹೆಚ್ಚು ಪದ ನೆನಪಿದ್ದವು. ಚಿತ್ರ ಚೆನ್ನಾಗಿತ್ತೋ ಇಲ್ಲವೋ ಎಂಬುದು ಲೆಕ್ಕಕ್ಕೇ ಬರಲಿಲ್ಲ. ಚಿತ್ರ ಬರೋದಿಲ್ಲ ಎಂದು ಹಿಂಜರಿಯುವವರು ಈ ಕೊನೆಯ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು.

ಒಬ್ಬರೇ ಬಿಡಿಸುವುದಕ್ಕೂ ಗುಂಪಿನಲ್ಲಿ ಬಿಡಿಸುವುದಕ್ಕೂ ವ್ಯತ್ಯಾಸವೇನು? ಭಗಂಡೇಶ್ವರ ದೇವಸ್ಥಾನದ ಮಾಡನ್ನೇ ತೆಗೆದುಕೊಳ್ಳಿ. ಕೇರಳ ಶೈಲಿಯ ಎರಡು ಅಂತಸ್ತಿನ ಇಳಿಜಾರು ಮಾಡು, ಮೇಲೆ ತಾಮ್ರದ ಹೊದಿಕೆ, ಸೂರಿನ ಕೆಳಗೆ ಮರದ ಕೆತ್ತನೆ. ನಮ್ಮ ಏಳು ಪುಸ್ತಕಗಳಲ್ಲಿ ಆ ಮಾಡು ಏಳು ಬೇರೆ ಬೇರೆ ಕೋನಗಳಲ್ಲಿತ್ತು. ನನ್ನದು ಎಲ್ಲರದಕ್ಕಿಂತ ಕಡಿದು, ಹೆಚ್ಚುಕಡಿಮೆ ಇಗರ್ಜಿಯ ಗೋಪುರ. ಮೇಷ್ಟ್ರು ಏನೂ ಹೇಳಲಿಲ್ಲ. ಪೆನ್ಸಿಲನ್ನು ಕೈ ನೀಟಿ ಹಿಡಿದು, ಒಂದು ಕಣ್ಣು ಮುಚ್ಚಿ, ಮಾಡಿನ ಅಂಚಿಗೆ ಹೊಂದಿಸಿ, ಕೋನ ಅಲುಗದಂತೆ ಹಾಗೇ ಇಳಿಸಿ ನನ್ನ ಹಾಳೆಯ ಮೇಲಿಟ್ಟರು. ಪೆನ್ಸಿಲಿಗೂ ನನ್ನ ಗೆರೆಗೂ ನಡುವೆ ಒಂದು ಬೆರಳು ಹೋಗುವಷ್ಟು ಸಂದು. ನಾನು ಎದುರಿಗಿದ್ದ ಮಾಡನ್ನು ನೋಡಿರಲಿಲ್ಲ, 'ದೇವಸ್ಥಾನ ಎತ್ತರವಾಗಿರುತ್ತದೆ' ಎಂಬ ನನ್ನ ನಂಬಿಕೆಯನ್ನು ಬಿಡಿಸಿದ್ದೆ. ಒಬ್ಬನೇ ಕೂತಿದ್ದರೆ ಅದು ನನ್ನ ಶೈಲಿ ಎಂದು ಹೇಳಿಕೊಂಡು ಮನೆಗೆ ಬರುತ್ತಿದ್ದೆ.

ಕೋನದ ತಪ್ಪಿಗೆ ಪೆನ್ಸಿಲ್ ಸಾಕು. ಏಳೂ ಜನ ಒಂದೇ ತಪ್ಪು ಮಾಡಿದಾಗ ಏನು ಮಾಡುವುದು? ಸೇತುವೆಯ ವಿಷಯದಲ್ಲಿ ಆದದ್ದು ಅದೇ. ಒಂದೇ ಬಗೆಯ ಜನ, ಒಂದೇ ಬಗೆಯ ಪುಸ್ತಕ, ಒಂದೇ ಬಗೆಯ ರುಚಿ. ಗುಂಪು ತಿದ್ದಬೇಕಾದದ್ದನ್ನು ಗುಂಪೇ ಗಟ್ಟಿಮಾಡಿತು. ಚಿತ್ರಗಳನ್ನು ಊರಿನವರ ಮುಂದೆ ಹರಡಬೇಕಾದದ್ದು ಅದಕ್ಕೇ. ನಾವು ಸಾಮಾನ್ಯವಾಗಿ ಮಾಡುವುದು ಬೇರೆ: ಬಸ್ಸಿನಲ್ಲಿ ಕೂತೇ ಫೋಟೋ ಹೊಡೆದು ಇನ್‌ಸ್ಟಾಗ್ರಾಮಿಗೆ ಹಾಕುತ್ತೇವೆ. ಅಲ್ಲಿ ಹೃದಯದ ಗುರುತು ಒತ್ತುವವರು ಭಾಗಮಂಡಲವನ್ನು ಕಂಡವರಲ್ಲ. ಮಾಡಿನ ಕೋನ ಅವರಿಗೆ ಗೊತ್ತಿಲ್ಲ, ಸೇತುವೆ ಇದೆ ಎಂಬುದೂ ಗೊತ್ತಿಲ್ಲ.

ಹಾಗಾದರೆ ಕಂಡದ್ದನ್ನೆಲ್ಲ ಬಿಡಿಸಬೇಕೇ? ಇಲ್ಲಿ ನನ್ನ ವಾದಕ್ಕೇ ಒಂದು ತೊಡಕು ಬರುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ.

ಸಂಗಮದ ಮೆಟ್ಟಿಲ ಮೇಲೆ ಕೂತು ಬಿಡಿಸುತ್ತಿದ್ದಾಗ ತಲೆ ಬೋಳಿಸಿಕೊಂಡ ಒಬ್ಬ ಯುವಕ ನೀರಿಗಿಳಿದ. ಕೈಯಲ್ಲಿ ಬಾಳೆಲೆಯ ಮೇಲಿಟ್ಟ ಪಿಂಡ. ದಡದಲ್ಲಿ ಒಬ್ಬ ಹೆಂಗಸು, ತಾಯಿಯಿರಬೇಕು, ಸೆರಗನ್ನು ಬಾಯಿಗೆ ಒತ್ತಿ ನಿಂತಿದ್ದರು. ಚಿತ್ರದ ದೃಷ್ಟಿಯಿಂದ ಅದಕ್ಕಿಂತ ಒಳ್ಳೆಯ ದೃಶ್ಯ ಆ ದಿನ ಇನ್ನೊಂದು ಸಿಗಲಿಲ್ಲ. ಬಗ್ಗಿದ ಬೆನ್ನು, ನೀರಿನಲ್ಲಿ ಮುರಿದ ನೆರಳು, ನಿಂತ ಹೆಂಗಸಿನ ನೇರ ಗೆರೆ. ನನ್ನ ಕೈ ಎರಡು ಗೆರೆ ಎಳೆದೂ ಆಗಿತ್ತು. ಪಕ್ಕದಲ್ಲಿದ್ದ ಗೆಳತಿ ತನ್ನ ಪುಸ್ತಕ ಮುಚ್ಚಿ ಮಡಿಲಲ್ಲಿಟ್ಟುಕೊಂಡಳು. ಅದನ್ನು ನೋಡಿ ನಾನೂ ಮುಚ್ಚಿದೆ. ಅವರು ದಡ ಹತ್ತಿ ಹೋಗುವವರೆಗೆ ನಾವಿಬ್ಬರೂ ನೀರು ನೋಡುತ್ತಾ ಕೂತಿದ್ದೆವು.

ಅದೂ ಬಿಡುವುದೇ. ಸೇತುವೆಯನ್ನು ಬಿಟ್ಟದ್ದೂ ಬಿಡುವುದೇ. ಎರಡೂ ಒಂದೇ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಆ ಯುವಕನನ್ನು ಬಿಟ್ಟದ್ದು ಅವನಿಗಾಗಿ. ಸೇತುವೆಯನ್ನು ಬಿಟ್ಟದ್ದು ನಮಗಾಗಿ, ನಮ್ಮ ಹಾಳೆ ಚೆನ್ನಾಗಿ ಕಾಣಲೆಂದು. ಯಾರ ಸಲುವಾಗಿ ಬಿಟ್ಟೆ ಎಂಬ ಪ್ರಶ್ನೆಗೆ ಉತ್ತರ ಹೇಳಲು ಬರುವಂತಿದ್ದರೆ ಏನನ್ನು ಬೇಕಾದರೂ ಬಿಡಬಹುದು. ಮೇಷ್ಟ್ರ ಆಯ್ಕೆಯ ವಾದಕ್ಕೆ ನನ್ನ ಉತ್ತರ ಅದು. ವೆಂಕಟಪ್ಪನವರು ಗೆರೆ ಬಿಟ್ಟದ್ದು ಮಂಜಿನ ಸಲುವಾಗಿ. ಮಂಜಿಗೆ ಅಂಚಿಲ್ಲ, ಅದಕ್ಕೆ ಬಿಟ್ಟರು.

ಇನ್ನು ಬ್ರಹ್ಮಗಿರಿ. 2020ರ ಆಗಸ್ಟ್ 6ರ ನಸುಕಿನಲ್ಲಿ ತಲಕಾವೇರಿಯ ಬಳಿ ಗುಡ್ಡ ಕುಸಿದು ಕ್ಷೇತ್ರದ ಪ್ರಧಾನ ಅರ್ಚಕರೂ ಸೇರಿ ಐವರು ಮಣ್ಣಿನಡಿ ಹೋದರು. ಆ ಇಳಿಜಾರನ್ನು ಬಿಡಿಸುವಾಗ ಕುಸಿದ ಭಾಗಕ್ಕೆ ಹಸಿರು ಹಚ್ಚಿಬಿಡುವುದು ಸುಲಭ. ಬಿಡಿಸಿದರೆ ನೊಂದವರಿಗೆ ನೋವಾಗಬಹುದಲ್ಲ ಎಂಬ ನೆಪವೂ ಸಿಗುತ್ತದೆ. ನಾನು ಅಲ್ಲಿ ಕೆಮ್ಮಣ್ಣಿನ ಬಣ್ಣವನ್ನೇ ಹಾಕಿದೆ. ಅಲ್ಲಿ ಯಾರ ಮುಖವೂ ಇಲ್ಲ, ಖಾಸಗಿ ದುಃಖವೂ ಇಲ್ಲ. ಗುಡ್ಡ ಹೀಗೆ ಕುಸಿಯಬಲ್ಲದು ಎಂಬುದು ಎಲ್ಲರಿಗೂ ಸೇರಿದ ವಿಷಯ. ಅದನ್ನು ಮುಚ್ಚಿದರೆ ಲಾಭ ಹೋಮ್‌ಸ್ಟೇ ಜಾಹೀರಾತಿಗೆ ಮಾತ್ರ.

ಈ ವಿಷಯದಲ್ಲಿ ದೇವಸ್ಥಾನದ ಮಾಡೇ ಒಂದು ಮಾದರಿ ಕೊಡುತ್ತದೆ. ಟಿಪ್ಪುವಿನ ಕಾಲದಲ್ಲಿ ಈ ಊರು ಅವನ ಸೈನ್ಯದ ಕೈಗೆ ಹೋಗಿ, 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದ. ಆ ಕಾದಾಟದ ಗುಂಡಿಗೆ ಹಾಳಾದ ಕೆಲವು ತಾಮ್ರದ ಹಲಗೆಗಳ ಜಾಗಕ್ಕೆ ರಾಜ ಬೆಳ್ಳಿಯವನ್ನು ಹೊದಿಸಿದ ಎಂಬ ಮಾತು ಇಲ್ಲಿ ಬಹುಕಾಲದಿಂದ ಇದೆ. ತಾಮ್ರಕ್ಕೆ ತಾಮ್ರವನ್ನೇ ಹಾಕಿದ್ದರೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಪೆಟ್ಟು ಬಿದ್ದ ಜಾಗ ಯಾವುದೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಕಂಡದ್ದನ್ನೇ ಬಿಡಿಸಬೇಕು ಎನ್ನುವ ಸಿಯಾಟಲ್ ನಿಯಮಕ್ಕೆ ಭಾಗಮಂಡಲದಲ್ಲಿ ಇನ್ನೊಂದು ಪರೀಕ್ಷೆ ಕಾದಿದೆ. ಶಾಲೆ ಬಿಟ್ಟು ಬಂದ ಹುಡುಗನೊಬ್ಬ ನನ್ನ ಬೆನ್ನ ಹಿಂದೆ ನಿಂತು ಬಹಳ ಹೊತ್ತು ನೋಡಿದ. ಕಾವೇರಿಯನ್ನು ಬೆರಳಿನಲ್ಲಿ ತೋರಿಸಿದ, ಕನ್ನಿಕೆಯನ್ನು ತೋರಿಸಿದ. "ಸುಜ್ಯೋತಿ ಎಲ್ಲಿ ಮಾಮ?" ಅಂದ. ಇದು ತ್ರಿವೇಣಿ ಸಂಗಮ. ಮೂರನೆಯ ನದಿ ಸುಜ್ಯೋತಿ ನೆಲದೊಳಗೆ ಹರಿದು ಬಂದು ಸೇರುತ್ತದೆಂಬುದು ನಂಬಿಕೆ, ಕಣ್ಣಿಗೆ ಕಾಣುವುದಿಲ್ಲ. "ಕಾಣಲ್ವಲ್ಲ ಮರಿ" ಅಂದೆ. "ಆದ್ರೆ ಇದೆ" ಅಂದ.

ಇದರ ಮೇಲೆ ನಮ್ಮ ಗುಂಪಿನಲ್ಲಿ ಆ ರಾತ್ರಿ ದೊಡ್ಡ ಚರ್ಚೆಯೇ ನಡೆಯಿತು. ಕಾಣದ್ದನ್ನು ಬಿಡಿಸಿದರೆ ಅದು ಸ್ಥಳಚಿತ್ರವಲ್ಲ, ಪುರಾಣಚಿತ್ರ ಎಂದು ಇಬ್ಬರು ಹಟ ಹಿಡಿದರು. ನಾನು ನಂಬಿಕಸ್ಥನಲ್ಲ, ಆದರೂ ಹುಡುಗನ ಕಡೆಗಿದ್ದೆ. ತುಲಾ ಸಂಕ್ರಮಣದ ಸಮಯದಲ್ಲಿ ಇಲ್ಲಿ ಮುಳುಗು ಹಾಕುವ ಜನರೆಲ್ಲ ಮೂರು ನದಿಗಳ ಲೆಕ್ಕದಲ್ಲೇ ಮುಳುಗುತ್ತಾರೆ. ಆ ಲೆಕ್ಕವೂ ಈ ಸ್ಥಳದ ಒಂದು ವಾಸ್ತವ. ನೀಲಿ ಬಣ್ಣದಲ್ಲಿ ಮೂರನೆಯ ಹೊಳೆ ಹರಿಸಿದರೆ ಸುಳ್ಳಾಗುತ್ತದೆ, ಸರಿ. ಆದರೆ ಕನ್ನಡದಲ್ಲಿ ಚಿತ್ರವನ್ನೂ ಅಕ್ಷರವನ್ನೂ 'ಬರೆಯುತ್ತೇವೆ'. ಹಾಳೆಯ ಅಂಚಿನಲ್ಲಿ ಆ ನದಿಯ ಹೆಸರನ್ನು, ಹುಡುಗ ಹೇಳಿದ ಮಾತನ್ನು ಬರೆದಿಟ್ಟೆ. ಈಗ ಆ ಪುಟ ತೆಗೆದರೆ ಚಿತ್ರಕ್ಕಿಂತ ಆ ಬರಹವನ್ನೇ ಮೊದಲು ಓದುತ್ತೇನೆ.

ಹೋಗುವವರಿಗೆ ಒಂದೆರಡು ಉಪಯೋಗದ ಮಾತು. ಭಾಗಮಂಡಲದ ಗಾಳಿಯಲ್ಲಿ ಜಲವರ್ಣ ಬೇಗ ಒಣಗುವುದಿಲ್ಲ. ಮೊದಲ ಲೇಪ ಆರುವ ಮುಂಚೆ ಎರಡನೆಯದನ್ನು ಹಚ್ಚಿದರೆ ಆಕಾಶದ ತುಂಬ ಹೂಕೋಸು ಅರಳುತ್ತದೆ. ಇಂಕಿನ ಪೆನ್ನು, 4ಬಿ ಪೆನ್ಸಿಲ್, ಎರಡು ಬಣ್ಣ ಸಾಕು. ಸಂಕ್ರಮಣದ ನೂಕುನುಗ್ಗಲಿನಲ್ಲಿ ಕೂರಲು ಜಾಗ ಸಿಗುವುದಿಲ್ಲ, ಜನವರಿಯ ನಂತರ ಯಾವುದಾದರೂ ವಾರದ ದಿನ ಹೋಗಿ. ದೇವಸ್ಥಾನದ ಪ್ರಾಂಗಣದಲ್ಲಿ ಕೂರುವ ಮುಂಚೆ ಕೇಳಿ. ಬಿಡಿಸಿದ್ದನ್ನು ಊರು ಬಿಡುವ ಮೊದಲು ಊರಿನ ಒಬ್ಬರಿಗಾದರೂ ತೋರಿಸಿ.

ಮುಂದಿನ ಸಲ ನಾನು ಒಬ್ಬನೇ ಹೋಗಿದ್ದೆ. ಇಡೀ ಬೆಳಗ್ಗೆ ಕೂತು ಸೇತುವೆಯನ್ನೇ ಬಿಡಿಸಿದೆ: ಕೆಳಗೆ ನೆರಳಿನಲ್ಲಿ ನಿಂತ ಜೀಪು, ಹಿಂದೆ ಅರ್ಧ ಮರೆಯಾದ ದೇವಸ್ಥಾನದ ಮಾಡು. ನನ್ನ ಮಟ್ಟಿಗೆ ಒಳ್ಳೆಯ ಚಿತ್ರ. ಹೋಟೆಲಿನವರಿಗೆ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಬೆರಳಿಟ್ಟು ಎಣಿಸಿ, "ಒಂದು ಕಂಬ ಕಮ್ಮಿ ಹಾಕಿದ್ದೀರಿ ಸಾರ್" ಅಂದರು. ಹೊರಗೆ ಹೋಗಿ ಎಣಿಸಿದೆ. ಒಂದು ಕಮ್ಮಿಯೇ ಇತ್ತು.